ಹಳೆಯ ಜೀಪಿನ ಗೇರ್ ಎಣ್ಣೆ: ಮನೆಯಂಗಳದಲ್ಲಿಯೇ ಬದಲಿಸುವ ಕ್ರಮ



ಕಬ್ಬು ನುರಿಸುವ ಹಂಗಾಮು ಸಮೀಪಿಸಿತೆಂದರೆ ಎತ್ತಿನ ಗಾಡಿಯ ಅಚ್ಚಿಗೆ ಗ್ರೀಸು ಹಾಕುವುದು, ಟ್ರೇಲರಿನ ಕೊಂಡಿ ಸರಪಳಿ ನೋಡಿಕೊಳ್ಳುವುದು, ಟ್ರ್ಯಾಕ್ಟರಿನ ಎಂಜಿನ್ ಎಣ್ಣೆ ಬದಲಿಸುವುದು ನಮ್ಮಲ್ಲಿ ರೂಢಿಯಾಗಿ ಬಂದಿದೆ. ಆದರೆ ಅಂಗಳದಲ್ಲಿ ನಿಂತಿರುವ ಹಳೆಯ ಜೀಪಿನ ಗೇರ್ ಬಾಕ್ಸಿನ ಎಣ್ಣೆಯನ್ನು, ಹಿಂದಿನ ಆಕ್ಸಲಿನ ನಡುವೆ ಇರುವ ಡಿಫರೆನ್ಶಿಯಲಿನ ಎಣ್ಣೆಯನ್ನು ಯಾವಾಗ ಬದಲಿಸಿದ್ದೀರಿ ಎಂದು ಕೇಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ. ಕೆಲವರು, "ಅದಕ್ಕೂ ಎಣ್ಣೆ ಬದಲಿಸಬೇಕೇನು ಸಾಹೇಬರೇ?" ಎಂದು ತಿರುಗಿ ಕೇಳುತ್ತಾರೆ.

ಬದಲಿಸಲೇಬೇಕು. ಫಡಕ್ಕೆ ಕೂಲಿಯವರನ್ನು ಒಯ್ಯಲು, ಬೀಜದ ಕಬ್ಬು ತರಲು, ರಾತ್ರಿ ಹೊತ್ತಿನಲ್ಲಿ ಬಾಣಂತಿಯನ್ನೋ ರೋಗಿಯನ್ನೋ ಅಕ್ಕಲಕೋಟೆಗೆ ಇಲ್ಲವೆ ಸೊಲ್ಲಾಪುರಕ್ಕೆ ಮುಟ್ಟಿಸಲು ಅನೇಕ ಮನೆಗಳಲ್ಲಿ ಇಂದಿಗೂ ಆ ಹಳೆಯ ಜೀಪೇ ಆಧಾರ. ಐದಾರು ಲೀಟರ್ ಎಣ್ಣೆಯ ಕಡೆಗೆ ಅಲಕ್ಷ್ಯ ಮಾಡಿ ಕ್ರೌನ್ ಮತ್ತು ಪಿನಿಯನ್ ಒಡೆದುಕೊಂಡರೆ ಅದರ ಖರ್ಚು ಎಣ್ಣೆಯ ಬೆಲೆಯ ಹತ್ತಾರು ಪಟ್ಟು ಆಗುತ್ತದೆ. ಅದೂ ಹೆಚ್ಚಾಗಿ ಗಾಡಿ ಅತಿ ಅಗತ್ಯವಿರುವ ದಿನವೇ ಒಡೆಯುತ್ತದೆ. ಈ ಕೆಲಸಕ್ಕೆ ದೊಡ್ಡ ಹತ್ಯಾರಗಳು ಬೇಡ, ಗ್ಯಾರೇಜೂ ಬೇಡ. ಅರ್ಧ ದಿನದ ಬಿಡುವು, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಆದುದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನು ಕ್ರಮವಾಗಿ ತಿಳಿಸಲಾಗಿದೆ.

ಈ ಎಣ್ಣೆ ಮಾಡುವ ಕೆಲಸವೇನು?

ಮೊದಲು ಡಿಫರೆನ್ಶಿಯಲ್ ಎಂದರೇನೆಂಬುದನ್ನು ತಿಳಿದುಕೊಳ್ಳೋಣ. ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ಕಟ್ಟಿ ತುಳಿಸುವುದನ್ನು ಹಿರಿಯರು ನೋಡಿದ್ದೀರಿ. ಮೇಟಿಯ ಹತ್ತಿರದ ಎತ್ತು ನಿಧಾನ ನಡೆದರೆ ಹೊರಗಿನ ಎತ್ತು ಓಡಬೇಕಾಗುತ್ತದೆ, ಏಕೆಂದರೆ ಅದರ ಸುತ್ತು ದೊಡ್ಡದು. ಜೀಪು ತಿರುಗುವಾಗಲೂ ಹೀಗೆಯೇ. ಎರಡು ಗಾಲಿಗಳ ನಡುವಿನ ಅಂತರ ನಾಲ್ಕು ಅಡಿ ಎಂದು ಹಿಡಿದರೆ, ಗಾಡಿ ಪೂರ್ತಿ ಹಿಂತಿರುಗಿ ನಿಲ್ಲುವಷ್ಟರಲ್ಲಿ ಹೊರಗಿನ ಗಾಲಿ ಒಳಗಿನ ಗಾಲಿಗಿಂತ ಹನ್ನೆರಡೂವರೆ ಅಡಿ ಹೆಚ್ಚು ನಡೆದಿರುತ್ತದೆ. ಒಂದೇ ಎಂಜಿನಿನ ಬಲದಿಂದ ಎರಡು ಗಾಲಿಗಳನ್ನು ಹೀಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಶಿಯಲ್. ನಮ್ಮ ಕಡೆ ಮಿಸ್ತ್ರಿಗಳು ಇಡಿಯಾಗಿ ಇದನ್ನು ಕ್ರೌನ್ ಎಂದು ಕರೆಯುವುದುಂಟು.

ಇದೇ ಪೆಟ್ಟಿಗೆಯಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಎಂಜಿನಿನಿಂದ ಬಂದ ಉದ್ದ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವಿದ್ದು, ಅದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ವಿಲ್ಲಿಸ್ ಮಾದರಿಯ ಹಳೆಯ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು ಇರುವ ಜೋಡಿ ಪ್ರಸಿದ್ಧ. ಅಂದರೆ ಶಾಫ್ಟು ಸುಮಾರು ಐದೂ ಕಾಲು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ, ವೇಗ ಕಡಿಮೆಯಾದಷ್ಟು ಎಳೆಯುವ ಬಲ ಹೆಚ್ಚುತ್ತದೆ. ತುಂಬಿದ ಟ್ರೇಲರನ್ನು ಎರೆ ಹೊಲದ ಕೆಸರಿನಿಂದ ಎಳೆಯುವಾಗ ಆ ಭಾರವೆಲ್ಲವೂ ಒಂದೆರಡು ಹಲ್ಲುಗಳ ಮೇಲೆಯೇ ಬೀಳುತ್ತದೆ ಎಂಬುದನ್ನು ಊಹಿಸಿಕೊಳ್ಳಿ.

ಇಲ್ಲಿಯೇ ಎಣ್ಣೆಯ ಮಹತ್ವ. ಈ ಬಗೆಯ ಜೋಡಿಗೆ ಹೈಪಾಯ್ಡ್ ಗೇರ್ ಎಂದು ಹೆಸರು. ಇದರಲ್ಲಿ ಪಿನಿಯನ್ ಕ್ರೌನಿನ ನಟ್ಟನಡುವೆ ಕೂಡದೆ ಸ್ವಲ್ಪ ಕೆಳಗೆ ಕೂಡುತ್ತದೆ. ಆದ್ದರಿಂದ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಒತ್ತಿಕೊಂಡು ಜಾರುತ್ತವೆ. ಆ ಒತ್ತಡದಲ್ಲಿ ಸಾಮಾನ್ಯ ಎಣ್ಣೆಯ ಪದರು ಹರಿದು ಹೋಗುತ್ತದೆ. ಆದಕಾರಣ ಗೇರ್ ಎಣ್ಣೆಯಲ್ಲಿ ಗಂಧಕ, ರಂಜಕಗಳಿಂದ ಮಾಡಿದ ದ್ರವ್ಯಗಳನ್ನು ಬೆರೆಸಿರುತ್ತಾರೆ. ಹಲ್ಲು ಬಿಸಿಯಾದೊಡನೆ ಇವು ಉಕ್ಕಿನ ಮೇಲೆ ತೆಳುವಾದ ರಕ್ಷಣೆಯ ಪದರನ್ನು ಹುಟ್ಟಿಸುತ್ತವೆ. ಗೇರ್ ಎಣ್ಣೆಗೆ ಇರುವ ಆ ವಿಶಿಷ್ಟ ದುರ್ವಾಸನೆ ಗಂಧಕದ್ದೇ.

ಗೇರ್ ಎಣ್ಣೆ ಎಂಜಿನ್ ಎಣ್ಣೆಯಂತೆ ಹೊಗೆಯಲ್ಲಿ ಸುಟ್ಟು ಹೋಗುವುದಿಲ್ಲ, ಮಸಿಯಿಂದ ಕಪ್ಪಾಗುವುದೂ ಕಡಿಮೆ. ಅಷ್ಟಕ್ಕೇ ಅದು ಚಿರಾಯು ಎಂದು ತಿಳಿಯಬಾರದು. ಬಿಸಿಯಿಂದ ಅದು ಹಳಸುತ್ತದೆ, ಬೆರೆಸಿದ ದ್ರವ್ಯಗಳು ತೀರುತ್ತವೆ, ಸವೆದ ಉಕ್ಕಿನ ಪುಡಿ ಅದರಲ್ಲಿ ಕೂಡಿಕೊಂಡು ಬೇರಿಂಗುಗಳನ್ನು ಅರೆಯತೊಡಗುತ್ತದೆ. ನಮ್ಮ ಭಾಗದಲ್ಲಿ ಇನ್ನೊಂದು ಶತ್ರುವೂ ಉಂಟು. ಮಳೆಗಾಲದಲ್ಲಿ ಬೋರಿ ನದಿಯ ಕಡೆಯ ಹಳ್ಳಗಳನ್ನು ದಾಟುವಾಗ ಬಿಸಿಯಾದ ಆಕ್ಸಲು ತಣ್ಣೀರಿನಲ್ಲಿ ಮುಳುಗುತ್ತದೆ. ಒಳಗಿನ ಗಾಳಿ ಕುಗ್ಗಿ, ಸೀಲಿನ ಅಥವಾ ಉಸಿರುನಳಿಗೆಯ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಸೇರಿದ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಅಂಥ ಎಣ್ಣೆ ಹಲ್ಲುಗಳನ್ನು ಕಾಯುವುದಿಲ್ಲ, ಬೇರಿಂಗಿಗೆ ತುಕ್ಕು ಹಿಡಿಸುತ್ತದೆ.

ಎಷ್ಟು ದಿನಕ್ಕೊಮ್ಮೆ?

ಗಾಡಿಯ ಜೊತೆ ಬಂದ ಪುಸ್ತಕ ಇದ್ದರೆ ಅದರಂತೆ ನಡೆಯಿರಿ. ಪುಸ್ತಕ ಕಳೆದು ಹೋಗಿದ್ದರೆ 15,000 ಕಿಲೋಮೀಟರಿಗೊಮ್ಮೆ, ಅಷ್ಟು ಓಡದಿದ್ದರೆ ಎರಡು ವರ್ಷಕ್ಕೊಮ್ಮೆ ಬದಲಿಸುವ ಪದ್ಧತಿ ಇಟ್ಟುಕೊಳ್ಳಿ. ಗಾಲಿಯ ನಾಭಿಯವರೆಗೆ ನೀರಿನಲ್ಲಿ ಇಳಿದಿದ್ದರೆ ದಿನ ಲೆಕ್ಕಿಸದೆ ಅದೇ ವಾರ ಬೂಚು ತೆಗೆದು ನೋಡಿ. ಹಳೆಯ ಗಾಡಿಯನ್ನು ಹೊಸದಾಗಿ ಕೊಂಡವರು, ಮಾರಿದವರು ಏನೇ ಹೇಳಲಿ, ಮೊದಲು ಎಲ್ಲ ಎಣ್ಣೆಯನ್ನೂ ಬದಲಿಸಿಬಿಡುವುದು ಒಳಿತು. ಸವೆದ ಗೇರಿನ ಸಪ್ಪಳ ಮುಚ್ಚಲು ಅತಿ ದಪ್ಪ ಎಣ್ಣೆ ಹಾಕುವುದು, ಕಟ್ಟಿಗೆಯ ಹೊಟ್ಟು ಬೆರೆಸುವುದು ಹಳೆಯ ಗಾಡಿಗಳ ವ್ಯಾಪಾರದಲ್ಲಿ ಬಹುಕಾಲದ ಮೋಸ. ಎಣ್ಣೆ ಇಳಿಸಿದರೆ ಮಾತ್ರ ಅದು ಬೆಳಕಿಗೆ ಬರುತ್ತದೆ.

ಯಾವ ಎಣ್ಣೆ ಕೊಳ್ಳಬೇಕು?

ಅಂಗಡಿಯಲ್ಲಿ "ಗೇರ್ ಎಣ್ಣೆ ಕೊಡ್ರಿ" ಎಂದಷ್ಟೇ ಕೇಳಿದರೆ ಕೈಗೆ ಸಿಕ್ಕ ಡಬ್ಬಿ ಕೊಟ್ಟು ಕಳಿಸುತ್ತಾರೆ. ಡಬ್ಬಿಯ ಮೇಲೆ ಎರಡು ಮಾತುಗಳನ್ನು ಓದಬೇಕು.

ಮೊದಲನೆಯದು ದಪ್ಪ. ಎಸ್.ಎ.ಇ. 90, ಅಥವಾ 80 ಡಬ್ಲ್ಯು 90 ಎಂದು ಬರೆದಿರುತ್ತದೆ. ನಮ್ಮ ಹವೆಗೆ ಎರಡೂ ಸರಿ. 90 ಎಂದ ಮಾತ್ರಕ್ಕೆ ಇದು 40 ಅಂಕಿಯ ಎಂಜಿನ್ ಎಣ್ಣೆಗಿಂತ ಎರಡು ಪಟ್ಟು ದಪ್ಪವೆಂದು ಭಾವಿಸಬೇಡಿ. ಎಂಜಿನ್ ಎಣ್ಣೆಗೂ ಗೇರ್ ಎಣ್ಣೆಗೂ ಅಳತೆಯ ಅಂಕಿಗಳು ಬೇರೆ ಬೇರೆ. ಬಿಸಿಯಾದಾಗ 90 ಅಂಕಿಯ ಗೇರ್ ಎಣ್ಣೆ ಹೆಚ್ಚು ಕಡಿಮೆ 40 ಇಲ್ಲವೆ 50 ಅಂಕಿಯ ಎಂಜಿನ್ ಎಣ್ಣೆಯಷ್ಟೇ ದಪ್ಪವಿರುತ್ತದೆ. ಪುಸ್ತಕ ಹೇಳದ ಹೊರತು 140 ಹಾಕಬಾರದು. ದಪ್ಪ ಹೆಚ್ಚಾದರೆ ರಕ್ಷಣೆ ಹೆಚ್ಚೆಂಬ ನಂಬಿಕೆ ತಪ್ಪು. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಅತಿ ದಪ್ಪ ಎಣ್ಣೆ ಬೇರಿಂಗುಗಳಿಗೆ ತಡವಾಗಿ ಮುಟ್ಟುತ್ತದೆ, ಗೇರ್ ಬೀಳುವುದೂ ಕಷ್ಟವಾಗುತ್ತದೆ.

ಎರಡನೆಯದು ದರ್ಜೆ. ಜಿ.ಎಲ್. 4, ಜಿ.ಎಲ್. 5 ಎಂದು ಎರಡು ದರ್ಜೆಗಳು ಪೇಟೆಯಲ್ಲಿ ಸಿಗುತ್ತವೆ. ಜಿ.ಎಲ್. 5 ರಲ್ಲಿ ಒತ್ತಡ ತಾಳುವ ದ್ರವ್ಯ ಸುಮಾರು ಎರಡು ಪಟ್ಟು ಇರುತ್ತದೆ. ಹೈಪಾಯ್ಡ್ ಗೇರಿರುವ ಡಿಫರೆನ್ಶಿಯಲಿಗೆ ಇದೇ ಬೇಕು. ಆದರೆ ಗೇರ್ ಬಾಕ್ಸಿನಲ್ಲಿ ಗೇರುಗಳನ್ನು ಸದ್ದಿಲ್ಲದೆ ಕೂಡಿಸಲು ಹಿತ್ತಾಳೆಯ ಉಂಗುರಗಳಿರುತ್ತವೆ. ಜಿ.ಎಲ್. 5 ರಲ್ಲಿರುವ ಹೆಚ್ಚಿನ ಗಂಧಕ ಈ ಹಿತ್ತಾಳೆಯನ್ನು ತಿನ್ನುವ ಸಂಭವವಿದೆ. ಆದುದರಿಂದ ಹಳೆಯ ಗೇರ್ ಬಾಕ್ಸಿಗೆ ಜಿ.ಎಲ್. 4, ಆಕ್ಸಲುಗಳಿಗೆ ಜಿ.ಎಲ್. 5 ಎಂದು ನೆನಪಿಡಿ. ಅಂಕಿ ದೊಡ್ಡದಾದಷ್ಟು ಎಣ್ಣೆ ಎಲ್ಲದಕ್ಕೂ ಒಳ್ಳೆಯದೆಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ.

ಪ್ರಮಾಣದ ಲೆಕ್ಕ ಹೀಗಿದೆ. ವಿಲ್ಲಿಸ್ ಮಾದರಿಯ ಮೂರು ಗೇರಿನ ಹಳೆಯ ಜೀಪಿನಲ್ಲಿ ಗೇರ್ ಬಾಕ್ಸಿಗೆ ಸುಮಾರು 1.4 ಲೀಟರ್, ಅದರ ಹಿಂದಿರುವ ಟ್ರಾನ್ಸ್‌ಫರ್ ಕೇಸಿಗೆ ಸುಮಾರು 1.6 ಲೀಟರ್, ಮುಂದಿನ ಮತ್ತು ಹಿಂದಿನ ಆಕ್ಸಲುಗಳಿಗೆ ತಲಾ ಸುಮಾರು 1.2 ಲೀಟರ್ ಹಿಡಿಯುತ್ತದೆ. ಚೆಲ್ಲುವುದಕ್ಕೂ ಲೆಕ್ಕ ಹಿಡಿದು ಜಿ.ಎಲ್. 4 ಮೂರೂವರೆ ಲೀಟರ್, ಜಿ.ಎಲ್. 5 ಮೂರು ಲೀಟರ್ ತಂದರೆ ಸಾಕು. ಮುಂದೆ ಬಂದ ಮಾದರಿಗಳಲ್ಲಿ ಪ್ರಮಾಣ ಬೇರೆ ಇರುತ್ತದೆ. ಏನಿದ್ದರೂ ಕೊನೆಯ ಮಾತು ತುಂಬುವ ಬೂಚಿನ ಮಟ್ಟದ್ದೇ ಹೊರತು ಡಬ್ಬಿಯ ಲೆಕ್ಕದ್ದಲ್ಲ. ಗೇರ್ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಹಳೆಯ ಜೀಪುಗಳಲ್ಲಿ ಒಂದರ ಎಣ್ಣೆ ಇನ್ನೊಂದಕ್ಕೆ ದಾಟುವುದುಂಟು. ಆದಕಾರಣ ಇವೆರಡಕ್ಕೂ ಒಂದೇ ಎಣ್ಣೆ ಹಾಕಬೇಕು.

ಮೊದಲು ಜೀವ, ಆಮೇಲೆ ಜೀಪು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಗಾಡಿಯ ಕೆಳಗೆ ಮಲಗಿ ಮಾಡುವ ಕೆಲಸವಿದು. ಗಾಡಿ ಜಾರಿದರೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.

ವಿಲ್ಲಿಸ್ ಮಾದರಿಯ ಜೀಪಿನ ಹ್ಯಾಂಡ್ ಬ್ರೇಕು ಗಾಲಿಗಳನ್ನು ಹಿಡಿಯುವುದಿಲ್ಲ. ಅದು ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಆಕ್ಸಲಿಗೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದಿರೆನ್ನಿ, ಶಾಫ್ಟು ನಿಂತಿದ್ದರೂ ಡಿಫರೆನ್ಶಿಯಲಿನ ಗುಣದಿಂದ ಎತ್ತಿದ ಗಾಲಿ ಹಿಂದಕ್ಕೆ ತಿರುಗುತ್ತಾ ನೆಲದ ಮೇಲಿನ ಗಾಲಿಯನ್ನು ಉರುಳಲು ಬಿಡುತ್ತದೆ. ಅಂದರೆ ಹ್ಯಾಂಡ್ ಬ್ರೇಕು ಎಳೆದಿದ್ದರೂ ಗಾಡಿ ಉರುಳುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಇದೇ ಗತಿ. ಬ್ರೇಕು ಬಿಗಿಯಾಗಿದೆಯೆಂದು ನಂಬಿ ಕೆಳಗೆ ನುಗ್ಗುವವರಿಗೆ ಈ ಸಂಗತಿ ಗೊತ್ತಿರಲೇಬೇಕು.

ಒಳ್ಳೆಯ ಸುದ್ದಿ ಎಂದರೆ ಜೀಪಿಗೆ ಜಾಕಿನ ಅಗತ್ಯವೇ ಇಲ್ಲ. ಅದು ಸಾಕಷ್ಟು ಎತ್ತರವಿದ್ದು ನಾಲ್ಕೂ ಗಾಲಿ ನೆಲದ ಮೇಲಿರುವಾಗಲೇ ಕೆಳಗೆ ಮಲಗಿ ಕೆಲಸ ಮಾಡಬಹುದು. ಎಣ್ಣೆಯ ಮಟ್ಟ ಸರಿಯಾಗಿ ಕಾಣಲಿಕ್ಕೂ ಗಾಡಿ ಸಮತಲದಲ್ಲಿರಬೇಕು. ಆದುದರಿಂದ ಗಟ್ಟಿಯಾದ ಸಮ ನೆಲ ಆರಿಸಿ. ಕಲ್ಲು ಹಾಸಿದ ಅಂಗಳ ಅಥವಾ ಸಿಮೆಂಟಿನ ಕಣ ಉತ್ತಮ. ನಾಲ್ಕೂ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಅಥವಾ ಕಟ್ಟಿಗೆಯ ತುಂಡು ಒತ್ತಿ ಇಡಿ. ಕೀಲಿಕೈ ತೆಗೆದು ಕಿಸೆಯಲ್ಲಿ ಹಾಕಿಕೊಳ್ಳಿ. ಮಕ್ಕಳನ್ನು ದೂರವಿಡಿ, ಹತ್ತಿರ ಒಬ್ಬ ದೊಡ್ಡವರು ಇರಲಿ.

ಕೆಲವರು ಹೊಲದಲ್ಲಿ ತಗ್ಗು ತೋಡಿ, ಅದರ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಇಳಿಯುತ್ತಾರೆ. ನಮ್ಮ ಎರೆ ಮಣ್ಣು ಭಾರ ಬಿದ್ದರೆ ಕುಸಿಯುವ ಮಣ್ಣು. ಕಲ್ಲು ಕಟ್ಟದ ತಗ್ಗಿನಲ್ಲಿ ಎಂದೂ ಇಳಿಯಬೇಡಿ. ಅಂಬಾಸಿಡರಿನಂತಹ ತಗ್ಗು ಕಾರಿನವರು ಕಟ್ಟಿದ ಪಿಟ್ಟು ಇರುವಲ್ಲಿಗೆ ಒಯ್ದು ಮಾಡುವುದೇ ಲೇಸು. ಎತ್ತಲೇಬೇಕಾದರೆ ನಾಲ್ಕೂ ಕಡೆ ಸಮನಾಗಿ ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಇಟ್ಟಂಗಿಗಳು ಒಮ್ಮೆಲೇ ಪುಡಿಯಾಗುತ್ತವೆ, ಜಾಕು ಜಾರುತ್ತದೆ. ಇವೆರಡನ್ನೂ ನಂಬಿ ಕೆಳಗೆ ಹೋಗಬಾರದು.

ಬೇಕಾಗುವ ಸಾಮಾನು

ಬೂಚುಗಳಿಗೆ ಸರಿಯಾಗಿ ಕೂಡುವ ಪಾನಾಗಳು ಬೇಕು. ಕೆಲವು ಬೂಚುಗಳಿಗೆ ಹೊರಗೆ ಚೌಕದ ತಲೆ, ಕೆಲವಕ್ಕೆ ಒಳಗೆ ಚೌಕದ ತೂತು ಇರುತ್ತದೆ. ಒಳಚೌಕದ್ದಕ್ಕೆ ಕುಲುಮೆಯಲ್ಲಿ ಚೌಕ ಸಲಾಕೆ ಬಡಿಸಿಕೊಂಡರೂ ನಡೆದೀತು. ಸಡಿಲವಾದ ಪಾನಾ ಹಚ್ಚಿ ತಲೆ ಸವೆಸಿಕೊಂಡರೆ ಅರ್ಧ ತಾಸಿನ ಕೆಲಸ ಎರಡು ದಿನ ಹಿಡಿಯುತ್ತದೆ. ಇದರ ಜೊತೆಗೆ ತಂತಿಯ ಬ್ರಷ್ಷು, ಹಳೆಯ ಅರಿವೆ, ಸ್ವಲ್ಪ ಡೀಸೆಲ್, ಎರಡು ಲೀಟರಿಗಿಂತ ಹೆಚ್ಚು ಹಿಡಿಯುವ ಅಗಲವಾದ ಬೋಗುಣಿ, ಲಾಳಿಕೆ, ನಾಲ್ಕು ಅಡಿ ಪ್ಲಾಸ್ಟಿಕ್ ನಳಿಗೆ ಇರಲಿ. ಎಣ್ಣೆ ತುಂಬುವ ಪಿಚಕಾರಿ ಸಿಕ್ಕರೆ ಇನ್ನೂ ಸುಲಭ.

ಕೆಲಸದ ಕ್ರಮ

ಒಂದು: ಗಾಡಿಯನ್ನು ಎಂಟು ಹತ್ತು ಕಿಲೋಮೀಟರ್ ಓಡಿಸಿ ತನ್ನಿ. ಬಿಸಿ ಎಣ್ಣೆ ಸರಾಗವಾಗಿ ಇಳಿಯುತ್ತದೆ, ತಳದಲ್ಲಿ ಕೂತ ಪುಡಿಯನ್ನೂ ತನ್ನೊಡನೆ ತರುತ್ತದೆ. ಕೈ ಸುಡುವಷ್ಟು ಬಿಸಿಯಿದ್ದರೆ ಸ್ವಲ್ಪ ಹೊತ್ತು ಬಿಡಿ. ಹೊಸ ಎಣ್ಣೆಯ ಡಬ್ಬಿಗಳನ್ನು ಅಷ್ಟರಲ್ಲಿ ಬಿಸಿಲಿಗೆ ಇಡಿ, ತೆಳ್ಳಗಾಗಿ ನಳಿಗೆಯಲ್ಲಿ ಬೇಗ ಇಳಿಯುತ್ತದೆ.

ಎರಡು: ಪ್ರತಿಯೊಂದು ಪೆಟ್ಟಿಗೆಗೂ ಎರಡು ಬೂಚುಗಳಿರುತ್ತವೆ. ಪಕ್ಕದಲ್ಲಿ ಮೇಲಿರುವುದು ತುಂಬುವ ಬೂಚು, ತಳದಲ್ಲಿರುವುದು ಇಳಿಸುವ ಬೂಚು. ಅವುಗಳ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಕೆರೆದು, ಡೀಸೆಲ್ ಹಚ್ಚಿದ ಅರಿವೆಯಿಂದ ಒರೆಸಿ, ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ. ಗೇರ್ ಬಾಕ್ಸಿನ ಮೈಮೇಲೆ ಬೇರೆ ಬೋಲ್ಟುಗಳೂ ಇರುತ್ತವೆ. ಬೂಚೆಂದು ಖಾತ್ರಿಯಾಗದ ಯಾವುದನ್ನೂ ಬಿಚ್ಚಬೇಡಿ. ಕೆಲವು ಆಕ್ಸಲುಗಳಲ್ಲಿ ಇಳಿಸುವ ಬೂಚು ಇರದೆ ಹಿಂದಿನ ಮುಚ್ಚಳವನ್ನೇ ಬಿಚ್ಚಬೇಕಾಗುತ್ತದೆ. ಅಂಥಲ್ಲಿ ಹೊಸ ಪ್ಯಾಕಿಂಗ್ ಮೊದಲೇ ತಂದಿಟ್ಟುಕೊಳ್ಳಿ. ಇಲ್ಲವೇ ಪಿಚಕಾರಿಯಿಂದ ಎಣ್ಣೆ ಎಳೆದು ತೆಗೆಯಿರಿ.

ಮೂರು: ಎಲ್ಲಕ್ಕಿಂತ ಮುಖ್ಯ ನಿಯಮವಿದು. ಮೊದಲು ತುಂಬುವ ಬೂಚನ್ನು ಬಿಚ್ಚಿರಿ, ಅದು ಬಿಚ್ಚಿದ ಮೇಲೆಯೇ ಇಳಿಸುವ ಬೂಚಿಗೆ ಕೈ ಹಾಕಿರಿ. ಇಳಿಸುವ ಬೂಚು ಸುಲಭವಾಗಿ ಬಿಚ್ಚಿ ಎಣ್ಣೆಯೆಲ್ಲ ಹೋಗಿ, ತುಂಬುವ ಬೂಚು ತುಕ್ಕು ಹಿಡಿದು ಕೂತಿತೆಂದರೆ ಗಾಡಿ ಅಂಗಳದಿಂದ ಕದಲುವಂತಿಲ್ಲ. ಬಿಗಿಯಾಗಿ ಕೂತ ಬೂಚಿಗೆ ಹಿಂದಿನ ರಾತ್ರಿ ಡೀಸೆಲ್ ಹನಿಸಿ ಬಿಡಿ, ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕಾರು ಏಟು ಕೊಡಿ, ಆಮೇಲೆ ಪಾನಾ ಹಚ್ಚಿ. ಪಾನಾವನ್ನು ನಿಮ್ಮ ಮುಖದ ಕಡೆಗೆ ಎಳೆಯುವ ಹಾಗೆ ಹಿಡಿಯಬೇಡಿ. ಬೆಂಕಿ ತೋರಿಸಲೇಬಾರದು.

ನಾಲ್ಕು: ಬೋಗುಣಿ ಇಟ್ಟು ಇಳಿಸುವ ಬೂಚು ಬಿಚ್ಚಿ, ಹದಿನೈದು ಇಪ್ಪತ್ತು ನಿಮಿಷ ಎಣ್ಣೆ ಪೂರ್ತಿ ಸೋರಲು ಬಿಡಿ. ಸೀಮೆ ಎಣ್ಣೆ ಹಾಕಿ ತೊಳೆಯುವ ರೂಢಿ ಕೆಲವರಲ್ಲಿದೆ, ಅದು ಬೇಡ. ಮೂಲೆಗಳಲ್ಲಿ ಉಳಿದ ಸೀಮೆ ಎಣ್ಣೆ ಹೊಸ ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ. ನೀರು ಸೇರಿದ್ದರೆ ಹೊಸ ಎಣ್ಣೆಯನ್ನೇ ತುಂಬಿ, 500 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬದಲಿಸಿ.

ಐದು: ಬೂಚುಗಳನ್ನು ಸ್ವಚ್ಛ ಮಾಡಿ. ಬೂಚಿನ ಎಳೆಗಳು ತುದಿಯ ಕಡೆ ಕಿರಿದಾಗಿದ್ದರೆ ಅದು ತಾನೇ ಬಿಗಿದುಕೊಳ್ಳುವ ಬಗೆಯದು. ಉದ್ದ ಪೈಪು ಹಚ್ಚಿ ತಿರುಗಿಸಿದರೆ ಎರಕದ ಪೆಟ್ಟಿಗೆ ಬಿರುಕು ಬಿಟ್ಟೀತು. ಎಳೆಗಳು ಸಮನಾಗಿದ್ದರೆ ತಾಮ್ರದ ವಾಷರ್ ಇರುತ್ತದೆ. ಹಳೆಯ ತಾಮ್ರದ ವಾಷರನ್ನು ಅಂಗಳದಿಂದ ದೂರ, ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಇನ್ನೊಮ್ಮೆ ಉಪಯೋಗಕ್ಕೆ ಬರುತ್ತದೆ. ಇಳಿಸುವ ಬೂಚನ್ನು ಹಾಕಿ ಬಿಗಿಮಾಡಿ.

ಆರು: ನಳಿಗೆಯ ಒಂದು ತುದಿಯನ್ನು ತುಂಬುವ ತೂತಿನಲ್ಲಿ ಇಟ್ಟು, ಇನ್ನೊಂದು ತುದಿಗೆ ಲಾಳಿಕೆ ಸಿಕ್ಕಿಸಿ ಎತ್ತರದಲ್ಲಿ ಒಬ್ಬರು ಹಿಡಿದುಕೊಂಡು ನಿಧಾನವಾಗಿ ಸುರಿಯಲಿ. ಎಣ್ಣೆ ತೂತಿನ ಕೆಳ ಅಂಚಿಗೆ ಬಂದು ಹನಿಯತೊಡಗಿದಾಗ ನಿಲ್ಲಿಸಿ. ಹತ್ತು ನಿಮಿಷ ಬಿಟ್ಟು ಬೆರಳ ತುದಿ ಹಾಕಿ ನೋಡಿ, ಕೆಳಗಾಗಿದ್ದರೆ ಮತ್ತಷ್ಟು ಹಾಕಿ. ಹೆಚ್ಚಾದುದನ್ನು ಹನಿದು ಹೋಗಲು ಬಿಟ್ಟು ಬೂಚು ಹಾಕಿ. ಒಂದು ಪೆಟ್ಟಿಗೆ ಮುಗಿದ ಮೇಲೆಯೇ ಇನ್ನೊಂದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿಕೊಂಡರೆ ಯಾವುದಕ್ಕೆ ತುಂಬಿದೆ, ಯಾವುದಕ್ಕೆ ಇಲ್ಲ ಎಂಬುದು ಮರೆತು ಹೋಗುತ್ತದೆ.

"ಫೋರ್ ವ್ಹೀಲ್ ಹಾಕುವುದೇ ಇಲ್ಲ, ಮುಂದಿನ ಆಕ್ಸಲಿಗೆ ಎಣ್ಣೆ ಏಕೆ?" ಎಂದು ಕೇಳುವವರಿದ್ದಾರೆ. ಗಾಲಿಗಳನ್ನು ಬೇರ್ಪಡಿಸುವ ಹಬ್ಬು ಇಲ್ಲದ ಜೀಪಿನಲ್ಲಿ ಮುಂದಿನ ಗಾಲಿಗಳು ಉರುಳುವಾಗ ಮುಂದಿನ ಡಿಫರೆನ್ಶಿಯಲೂ ತಿರುಗುತ್ತಲೇ ಇರುತ್ತದೆ. ಭಾರ ಇಲ್ಲದಿದ್ದರೂ ಎಣ್ಣೆ ಬೇಕೇ ಬೇಕು.

ಉಸಿರುನಳಿಗೆ ಮರೆಯಬೇಡಿ

ಆಕ್ಸಲಿನ ಮೇಲ್ಭಾಗದಲ್ಲಿ ಗುಬ್ಬಿಯಷ್ಟು ಸಣ್ಣ ತೂತಿನ ಒಂದು ಮುಚ್ಚಳ ಇರುತ್ತದೆ. ಬಿಸಿಯಾದಾಗ ಒಳಗಿನ ಗಾಳಿ ಹೊರಬೀಳಲು ಇರುವ ದಾರಿ ಅದು. ನಮ್ಮ ಧೂಳು ಕೆಸರಿನಲ್ಲಿ ಇದು ಮುಚ್ಚಿ ಹೋಗುವುದೇ ಹೆಚ್ಚು. ದಾರಿ ಇಲ್ಲದ ಗಾಳಿ ಎಣ್ಣೆಯನ್ನು ಸೀಲುಗಳ ಮೂಲಕ ಹೊರಕ್ಕೆ ನೂಕುತ್ತದೆ. ಆ ಎಣ್ಣೆ ಗಾಲಿಯ ಡ್ರಮ್ಮಿನೊಳಗೆ ಇಳಿದು ಬ್ರೇಕಿನ ಲೈನರಿಗೆ ಹತ್ತಿದರೆ ಬ್ರೇಕು ಹಿಡಿಯುವುದಿಲ್ಲ. ಮಟ್ಟಕ್ಕಿಂತ ಹೆಚ್ಚು ಎಣ್ಣೆ ತುಂಬಿದರೂ ಇದೇ ಅನಾಹುತ. ಕಳೆದ ಹಂಗಾಮಿನಲ್ಲಿ ನಮ್ಮ ಸದಸ್ಯರೊಬ್ಬರ ಜೀಪು ಇಳಿಜಾರಿನಲ್ಲಿ ಒಂದೇ ಕಡೆಗೆ ಎಳೆದು ರಸ್ತೆ ಬಿಟ್ಟಿತು. ಬಿಚ್ಚಿ ನೋಡಿದಾಗ ಹಿಂದಿನ ಒಂದು ಡ್ರಮ್ಮಿನ ತುಂಬ ಗೇರ್ ಎಣ್ಣೆ, ಉಸಿರುನಳಿಗೆಯಲ್ಲಿ ಗಟ್ಟಿ ಮಣ್ಣು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಎಣ್ಣೆ ಬದಲಿಸುವಾಗಲೆಲ್ಲ ಈ ಮುಚ್ಚಳವನ್ನು ಡೀಸೆಲಿನಲ್ಲಿ ತೊಳೆದು ಊದಿ ನೋಡಿ.

ಹಳೆಯ ಎಣ್ಣೆ ಹೇಳುವ ಸಮಾಚಾರ

ಇಳಿಸಿದ ಎಣ್ಣೆಯನ್ನು ಒಡನೆಯೇ ಆಚೆ ಒಯ್ಯಬೇಡಿ, ಬೆಳಕಿನಲ್ಲಿ ನೋಡಿ. ಕಪ್ಪು ಕಂದು ಬಣ್ಣ, ಬೂಚಿನ ತುದಿಯಲ್ಲಿ ಕಾಡಿಗೆಯಂಥ ನುಣುಪು ಕೆಸರು ಇದ್ದರೆ ಅದು ಸಹಜ ಸವೆತ. ಬೆಳ್ಳಗೆ ಮಜ್ಜಿಗೆಯಂತಿದ್ದರೆ ನೀರು ಸೇರಿದೆ. ಗೇರ್ ಬಾಕ್ಸಿನ ಎಣ್ಣೆಯಲ್ಲಿ ಹೊನ್ನಿನ ಬಣ್ಣದ ಮಿಣುಕು ಹೆಚ್ಚಾಗಿದ್ದರೆ ಹಿತ್ತಾಳೆಯ ಉಂಗುರಗಳು ಸವೆಯುತ್ತಿವೆ. ಬೆರಳಿಗೆ ಚುಚ್ಚುವಂಥ ಉಕ್ಕಿನ ಚೂರು, ಹಲ್ಲಿನ ತುಣುಕು ಸಿಕ್ಕರೆ ಹೊಸ ಎಣ್ಣೆ ತುಂಬಿ ಓಡಿಸುವ ವಿಚಾರ ಬಿಡಿ, ತಿಳಿದ ಮಿಸ್ತ್ರಿಯನ್ನು ಕರೆಸಿ.

ಸಪ್ಪಳವೂ ಒಂದು ಲಕ್ಷಣ. ಎಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆಯಾಗಿ ಹಿಂದಿನಿಂದ ಊಳಿಡುವ ಸದ್ದು ಬಂದರೆ ಹೆಚ್ಚಾಗಿ ಕ್ರೌನ್ ಪಿನಿಯನ್ನಿನ ದೋಷ. ಒತ್ತಿದರೂ ಬಿಟ್ಟರೂ ಬದಲಾಗದೆ ಗುರುಗುಟ್ಟಿದರೆ ಗಾಲಿಯ ಬೇರಿಂಗನ್ನು ಸಂಶಯಿಸಬೇಕು. ಹೊಸ ಎಣ್ಣೆ ಸವೆತವನ್ನು ನಿಧಾನ ಮಾಡೀತೇ ಹೊರತು ಸವೆದ ಹಲ್ಲನ್ನು ಮತ್ತೆ ಬೆಳೆಸಲಾರದು.

ಕಾರು ಮತ್ತು ಟ್ರ್ಯಾಕ್ಟರುಗಳ ವಿಷಯ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತರೂ ಹಲವು ಮನೆಗಳಲ್ಲಿ ಅದು ಇನ್ನೂ ಓಡುತ್ತಿದೆ. ಅದರ ಹಿಂದಿನ ಆಕ್ಸಲಿನಲ್ಲಿಯೂ ಹೈಪಾಯ್ಡ್ ಗೇರೇ ಇದೆ, ಆದ್ದರಿಂದ ಮೇಲೆ ಹೇಳಿದ ಕ್ರಮ ಅದಕ್ಕೂ ಹೊಂದುತ್ತದೆ. ಮಾರುತಿ 800ರಂಥ ಕಾರಿನಲ್ಲಿ ಎಂಜಿನಿನ ಬಲ ಮುಂದಿನ ಗಾಲಿಗಳಿಗೇ ಹೋಗುತ್ತದೆ. ಅಲ್ಲಿ ಗೇರ್ ಬಾಕ್ಸು, ಡಿಫರೆನ್ಶಿಯಲು ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದು ಒಂದೇ ಎಣ್ಣೆಯಿಂದ ನಡೆಯುತ್ತವೆ.

ಟ್ರ್ಯಾಕ್ಟರಿಗೆ ಮಾತ್ರ ಈ ಲೇಖನ ನೋಡಿ ಎಣ್ಣೆ ತರಬೇಡಿ. ಮ್ಯಾಸ್ಸಿ ಫರ್ಗುಸನ್ ಮೊದಲಾದ ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಮತ್ತು ನೇಗಿಲು ಎತ್ತುವ ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ ಇರುತ್ತದೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕು ಇರುವ ಟ್ರ್ಯಾಕ್ಟರಿನಲ್ಲಿ ಬ್ರೇಕಿಗೂ ಅದೇ ಎಣ್ಣೆ. ಅದರಲ್ಲಿ ಜೀಪಿನ ಎಣ್ಣೆ ಹಾಕಿದರೆ ಹೈಡ್ರಾಲಿಕ್ ಕೆಟ್ಟೀತು, ಬ್ರೇಕು ಕಿರುಚಿ ಅದುರೀತು. ಕಂಪನಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಬೇಕು.

ತೆಗೆದ ಎಣ್ಣೆಯನ್ನು ಏನು ಮಾಡಬೇಕು?

ಇದನ್ನು ಕಾಲುವೆಗೆ, ಬಾವಿಯ ಹತ್ತಿರ, ಹೊಲದ ಬದುವಿಗೆ ಸುರಿಯಬಾರದು. ಎಣ್ಣೆ ಮಣ್ಣಿನಲ್ಲಿ ಬಹುಕಾಲ ಉಳಿದು ಮೆಲ್ಲಗೆ ನೀರಿಗೆ ಇಳಿಯುತ್ತದೆ, ಆ ಜಾಗದಲ್ಲಿ ಕಬ್ಬಿನ ಬೇರು ಗಾಳಿಯಿಲ್ಲದೆ ಸಾಯುತ್ತದೆ. ಎತ್ತಿನ ಹೆಗಲ ಹುಣ್ಣಿಗೆ ಹಳೆಯ ಎಣ್ಣೆ ಹಚ್ಚುವ ರೂಢಿಯನ್ನೂ ಬಿಡಬೇಕು. ಅದರಲ್ಲಿರುವ ಲೋಹದ ಪುಡಿ ಮತ್ತು ಗಂಧಕದ ದ್ರವ್ಯಗಳು ಹುಣ್ಣನ್ನು ಕೆರಳಿಸುತ್ತವೆ, ದನ ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಒಲೆಗೆ ಹಾಕುವುದೂ ತಪ್ಪು, ಅದರ ಹೊಗೆ ವಿಷ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಖಾಲಿಯಾದ ಹೊಸ ಡಬ್ಬಿಗಳಲ್ಲಿಯೇ ತುಂಬಿ, ಮುಚ್ಚಳ ಬಿಗಿದು, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ತುಂಬಿಡಬೇಡಿ, ಮಕ್ಕಳಿರುವ ಮನೆ. ಕೈಯನ್ನು ಪೆಟ್ರೋಲಿನಿಂದ ತೊಳೆಯದೆ ಸಾಬೂನಿನಿಂದ ತೊಳೆಯಿರಿ.

ಕೊನೆಯ ಮಾತು

ಕೆಲಸ ಮುಗಿದ ಮೇಲೆ ಐದು ಕಿಲೋಮೀಟರ್ ಓಡಿಸಿ ಬಂದು ಬೂಚುಗಳನ್ನು ಕೈಯಿಂದ ಮುಟ್ಟಿ ನೋಡಿ. ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿ ಇಟ್ಟರೆ ಎಲ್ಲಿ ಸೋರುತ್ತದೆಂಬುದು ಬೆಳಗ್ಗೆ ತಾನೇ ತಿಳಿಯುತ್ತದೆ. ಕಬ್ಬು ನಾಟಿ ಮಾಡಿದ ದಿನಾಂಕವನ್ನು ಬರೆದಿಡುವ ವಹಿಯಲ್ಲಿಯೇ ಎಣ್ಣೆ ಬದಲಿಸಿದ ದಿನಾಂಕ, ಓಡಿದ ಕಿಲೋಮೀಟರ್, ಹಾಕಿದ ಎಣ್ಣೆಯ ಹೆಸರು ಬರೆದಿಡಿ. ಮುಂದೆ ಗಾಡಿಯನ್ನು ಮಗ ನಡೆಸಲಿ, ಬೇರೆಯವರಿಗೆ ಮಾರಲಿ, ಆ ಒಂದು ಸಾಲು ಉಪಯೋಗಕ್ಕೆ ಬರುತ್ತದೆ.

ಎಣ್ಣೆಯ ದರ್ಜೆಯ ವಿಷಯದಲ್ಲಿ ಸಂಶಯವಿದ್ದವರು ಡಬ್ಬಿಯನ್ನು ಒಡೆಯುವ ಮೊದಲು ತಮ್ಮ ಗಟ ಕಚೇರಿಗೆ ತಂದು ತೋರಿಸಬಹುದು. ಈ ಕೆಲಸವನ್ನು ಮಳೆ ನಿಂತು ಹೊಲ ಆರುವ ಮುಂಚಿನ ಬಿಡುವಿನಲ್ಲಿ ಮುಗಿಸಿಕೊಳ್ಳಿ. ಕಾರಖಾನೆಯ ಭೋಂಗಾ ಕೂಗಿದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

— ಕಬ್ಬು ಅಭಿವೃದ್ಧಿ ಅಧಿಕಾರಿ